ಮೋಟಾರಿನ ನಾಡಿ ಹಿಡಿಯುವ ಪೆಟ್ಟಿಗೆ

ನಿಮ್ಮಲ್ಲಿ ಕಾರನ್ನಿಟ್ಟುಕೊಂಡಿರುವವರು ಇದನ್ನು ಒಮ್ಮೆಯಾದರೂ ಕಂಡಿರಬಹುದು. ಚಾಲಕನ ಎದುರಿನ ಫಲಕದಲ್ಲಿ ಇಂಜಿನಿನ ಆಕಾರದ ಹಳದಿ ದೀಪವೊಂದು ಇದ್ದಕ್ಕಿದ್ದಂತೆ ಹೊತ್ತಿಕೊಳ್ಳುತ್ತದೆ. ಗಾಡಿ ಓಡುತ್ತಲೇ ಇರುತ್ತದೆ. ಸದ್ದಿನಲ್ಲಿ ಭೇದವಿಲ್ಲ, ಹೊಗೆಯೂ ಇಲ್ಲ. ಆದರೂ ದೀಪ ಆರುವುದಿಲ್ಲ. ಗ್ಯಾರೇಜಿಗೆ ಹೋದರೆ ಮೇಸ್ತ್ರಿ ಬಾನೆಟ್ಟು ಎತ್ತುವುದಕ್ಕೆ ಮೊದಲೇ "ಸ್ಕ್ಯಾನ್ ಹಾಕಿ ನೋಡಬೇಕು" ಎನ್ನುತ್ತಾನೆ. ಸ್ಟಿಯರಿಂಗಿನ ಕೆಳಗೆ ಕೈಹಾಕಿ ಒಂದು ತಂತಿಯನ್ನು ಸಿಕ್ಕಿಸಿ, ಲ್ಯಾಪ್‌ಟಾಪಿನ ಪರದೆಯನ್ನು ದಿಟ್ಟಿಸಿ, "ಪಿ 0087" ಎಂದು ಮಂತ್ರಾಕ್ಷರ ನುಡಿದಂತೆ ನುಡಿಯುತ್ತಾನೆ. ಬಿಲ್ಲಿನಲ್ಲಿ ಅದಕ್ಕೂ ಒಂದು ಮೊತ್ತ ಬಿದ್ದಿರುತ್ತದೆ. ಈ ತಂತಿ ಯಾವುದು, ಪರದೆಯ ಮೇಲೆ ಕಂಡದ್ದೇನು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ಕೊಂಚ ವಿಚಾರಿಸೋಣ.

ಸಕಲೇಶಪುರ, ಆಲೂರು ಸೀಮೆಯಲ್ಲಿ ಈ ವಿಚಾರಕ್ಕೆ ಬೆಲೆ ಹೆಚ್ಚು. ಇಲ್ಲಿಯ ಗಾಡಿಗಳಿಗೆ ಬಯಲುಸೀಮೆಯ ನೆಟ್ಟನೆಯ ಓಟವಿಲ್ಲ. ತೋಟದ ಪಿಕಪ್ಪು ಬೆಳಗಿನಿಂದ ಸಂಜೆಯವರೆಗೆ ಮೊದಲೆರಡು ಗೇರುಗಳಲ್ಲಿಯೇ ಏರಿ ಇಳಿಯುತ್ತದೆ. ಜೂನಿನಿಂದಾಚೆಗೆ ತಿಂಗಳುಗಟ್ಟಲೆ ಮಳೆಯಲ್ಲಿ ನೆನೆಯುತ್ತದೆ. ಷೆಡ್ಡಿನಲ್ಲಿ ನಿಂತ ರಾತ್ರಿ ಇಲಿಗಳು ಅದರ ತಂತಿ ಕಡಿಯುತ್ತವೆ. ಕಾಫಿಯ ಕೊಯ್ಲಿನಲ್ಲಿ ಅದು ಒಂದು ದಿನ ನಿಂತರೂ ನಷ್ಟವೇ. ಕಿತ್ತ ಹಣ್ಣನ್ನು ಅದೇ ದಿನ ಪಲ್ಪಿಂಗಿಗೆ ಒಯ್ಯದಿದ್ದರೆ ರಾಶಿಯಲ್ಲಿಯೇ ಹುಳಿತು, ಬಿಸಿಯೇರಿ, ಬೀಜದ ಗುಣ ಕೆಡುತ್ತದೆ. ಕಂಪೆನಿಯ ದೊಡ್ಡ ಕಾರ್ಯಾಗಾರವೇ ಬೇಕೆಂದು ಸಕಲೇಶಪುರದಿಂದ ಹಾಸನಕ್ಕೆ ಹೊರಟರೆ ಸುಮಾರು 40 ಕಿಲೋಮೀಟರು. ಇಲ್ಲವೇ ಶಿರಾಡಿ ಘಾಟಿಯಿಳಿದು ಮಂಗಳೂರು. ಆದ್ದರಿಂದ ಪೇಟೆಯ ಸಣ್ಣ ಗ್ಯಾರೇಜಿನವನು ಈ ವಿದ್ಯೆಯನ್ನು ಬಲ್ಲನೋ ಇಲ್ಲವೋ ಎಂಬುದು ಅವನ ಹೊಟ್ಟೆಪಾಡಿನ ಪ್ರಶ್ನೆಯೂ ಹೌದು, ತೋಟದವರ ಕೊಯ್ಲಿನ ಪ್ರಶ್ನೆಯೂ ಹೌದು.

ಹಳೆಯ ಜೀಪಿನ ಕಾಲದಲ್ಲಿ ಈ ತೊಡಕಿರಲಿಲ್ಲ. ಡೀಸೆಲ್ ಇಂಜಿನಿಗೆ ಎಣ್ಣೆಯನ್ನು ಅಳೆದು ಕೊಡುತ್ತಿದ್ದುದು ಮೈಕೋ ಪಂಪು. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿಯ ಹೆಸರನ್ನು ನಮ್ಮ ಮೇಸ್ತ್ರಿಗಳು ಹೀಗೆ ಚಿಕ್ಕದು ಮಾಡಿ ಮನೆಮಾತಾಗಿಸಿದ್ದರು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನಿಗೊತ್ತಿ, ಹಿಡಿಯನ್ನು ಕಿವಿಗಾನಿಸಿ, ಎಷ್ಟನೆಯ ಸಿಲಿಂಡರಿನಲ್ಲಿ ಬಡಿತ ತಪ್ಪಿದೆಯೆಂದು ಹೇಳುವವರಿದ್ದರು. ಆ ಕಿವಿ ಈಗಲೂ ಬೇಕು. ಆದರೆ ಈಗ ಎಣ್ಣೆಯನ್ನು ಅಳೆಯುವುದು ಒಂದು ಗಣಕ. ಇಂಜಿನಿನ ಮೈಮೇಲೆ ಅಲ್ಲಲ್ಲಿ ನೆಟ್ಟ ಸೆನ್ಸಾರುಗಳು ನೀರಿನ ಬಿಸಿ, ಗಾಳಿಯ ಒತ್ತಡ, ಎಣ್ಣೆಯ ಒತ್ತಡ, ಚಕ್ರದ ವೇಗ ಮೊದಲಾದುವನ್ನು ಕ್ಷಣಕ್ಷಣಕ್ಕೂ ಅದಕ್ಕೆ ಅರುಹುತ್ತವೆ. ಗಣಕ ಲೆಕ್ಕ ಹಾಕಿ ಆಜ್ಞೆ ಕೊಡುತ್ತದೆ. ಸುದ್ದಿಗೂ ಲೆಕ್ಕಕ್ಕೂ ಹೊಂದಿಕೆ ತಪ್ಪಿದಾಗ ತನ್ನ ಸ್ಮೃತಿಯಲ್ಲಿ ಒಂದು ಸಂಕೇತವನ್ನು ಬರೆದಿಟ್ಟು ಹಳದಿ ದೀಪವನ್ನು ಹೊತ್ತಿಸುತ್ತದೆ.

ಇದು ಮೋಟಾರು ತಯಾರಕರ ಔದಾರ್ಯದಿಂದ ಬಂದದ್ದಲ್ಲ. ಹೊಗೆಯ ಕಾಯಿದೆಯಿಂದ ಬಂದದ್ದು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1988ರ ಮಾದರಿಯ ಕಾರುಗಳಿಂದ, ಗಾಡಿಯೊಳಗೇ ದೋಷ ಪತ್ತೆಮಾಡುವ ವ್ಯವಸ್ಥೆ ಇರಬೇಕೆಂದು ವಿಧಿಸಿದರು. 1996ರ ಹೊತ್ತಿಗೆ ಅಲ್ಲಿಯ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ ಕೊಂಡಿ, ಒಂದೇ ಬಗೆಯ ಸಂಕೇತ ಕಡ್ಡಾಯವಾಯಿತು. ಓಬಿಡಿ ಎಂದು ಮೇಸ್ತ್ರಿಗಳು ಹೇಳುವುದು ಇದನ್ನೇ. ನಮ್ಮ ದೇಶದ ಕಾರುಗಳಿಗೆ ಇದರ ಮೊದಲ ಹಂತ 2010ರಲ್ಲಿಯೂ ಎರಡನೆಯ ಹಂತ 2013ರಲ್ಲಿಯೂ ಬಂದವು. ಭಾರತ್ ಸ್ಟೇಜ್ 6 ಎಂಬ ಬಿಗಿಯಾದ ನಿಯಮ 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಜಾರಿಗೆ ಬಂತು.

ಆ ಕೊಂಡಿ ನಿಮ್ಮ ಕಾರಿನಲ್ಲಿಯೂ ಇದೆ. ಚಾಲಕನ ಮೊಣಕಾಲಿನ ಮೇಲ್ಗಡೆ ಬಗ್ಗಿ ನೋಡಿದರೆ ಎರಡು ಸಾಲುಗಳಲ್ಲಿ 16 ಗೂಡುಗಳುಳ್ಳ ಸಾಕೆಟ್ಟೊಂದು ಕಾಣಿಸುತ್ತದೆ. 16ನೆಯದರಲ್ಲಿ ಬ್ಯಾಟರಿಯ ವಿದ್ಯುತ್ತು, 4 ಮತ್ತು 5ರಲ್ಲಿ ಅರ್ಥು. 6 ಮತ್ತು 14ರಲ್ಲಿ ಒಂದಕ್ಕೊಂದು ಹೆಣೆದುಕೊಂಡ ಎರಡು ತಂತಿಗಳ ಕೊನೆ. ಇದೇ ಕ್ಯಾನ್ ಎಂಬ ಮಾತಿನ ದಾರಿ. ಬ್ರೇಕು, ಇಂಜಿನು, ಏರ್‌ಬ್ಯಾಗು ಇವುಗಳ ಗಣಕಗಳೆಲ್ಲ ಈ ಎರಡೇ ತಂತಿಗಳ ಮೇಲೆ ಸರದಿಯಂತೆ ಮಾತಾಡಿಕೊಳ್ಳುತ್ತವೆ. 1986ರಲ್ಲಿ ಇದನ್ನು ಲೋಕಕ್ಕೆ ತೋರಿಸಿದವರು ಜರ್ಮನಿಯ ಬಾಷ್ ಸಂಸ್ಥೆಯವರು. ಆಡುಗೋಡಿಯ ಮೈಕೋ ಕೂಡ ಅದೇ ಮನೆತನದ್ದು, 2008ರಲ್ಲಿ ಅದು ಬಾಷ್ ಎಂಬ ಹೆಸರನ್ನೇ ತಳೆಯಿತು. ಪಂಪು ಕೊಟ್ಟವರೇ ಪಂಪನ್ನು ಆಳುವ ತಂತಿಯನ್ನೂ ಕೊಟ್ಟರೆನ್ನಬೇಕು.

ಇನ್ನು ಗ್ಯಾರೇಜಿನ ಮಾತು. ನನ್ನ ತರಗತಿಯಲ್ಲಿ ಓದಿದ ಹುಡುಗನೊಬ್ಬ ಸಕಲೇಶಪುರದ ಪೇಟೆಯಂಚಿನಲ್ಲಿ ಗ್ಯಾರೇಜಿಟ್ಟಿದ್ದಾನೆ. ಕೈಕೆಲಸದಲ್ಲಿ ಬಹಳ ಜಾಣ. ಹಳೆಯ ಲ್ಯಾಪ್‌ಟಾಪೊಂದನ್ನೂ ತಂತ್ರಾಂಶವನ್ನೂ ಕೊಂಡುತಂದು, ಅದರ ಕೈಪಿಡಿಯನ್ನು ಹಿಡಿದುಕೊಂಡು ಒಂದು ಭಾನುವಾರ ನಮ್ಮ ಮನೆಗೆ ಬಂದ. "ಸಾರ್, ಇಂಗ್ಲಿಷು ತೊಡಕಾಗಿದೆ, ಸ್ವಲ್ಪ ಓದಿ ಹೇಳಿ" ಎಂದ. ಕನ್ನಡ ಪಂಡಿತನಿಗೆ ಮೋಟಾರಿನ ಕೈಪಿಡಿ! ಆದರೂ ಇಬ್ಬರೂ ಕುಳಿತು ಎರಡು ಭಾನುವಾರ ಓದಿದೆವು. ನನಗೆ ತಿಳಿದದ್ದೆಲ್ಲ ಆಗ ತಿಳಿದದ್ದು.

ಅವನು ಮಾಡಿದ್ದ ಮೊದಲ ತಪ್ಪು, ಎಲ್ಲರೂ ಮಾಡುವ ತಪ್ಪು: ತಂತಿಯನ್ನು ಲ್ಯಾಪ್‌ಟಾಪಿಗೆ ಮೊದಲೇ ಚುಚ್ಚಿಬಿಟ್ಟಿದ್ದ. ಗಾಡಿಗೂ ಲ್ಯಾಪ್‌ಟಾಪಿಗೂ ನಡುವೆ ದುಭಾಷಿಯ ಕೆಲಸ ಮಾಡುವ ಸಣ್ಣ ಪೆಟ್ಟಿಗೆಯೊಂದು ಆ ತಂತಿಯಲ್ಲಿರುತ್ತದೆ. ಅದನ್ನು ಗುರುತಿಸುವುದಕ್ಕೆ ಲ್ಯಾಪ್‌ಟಾಪಿಗೆ ಡ್ರೈವರ್ ಎಂಬ ಕಿರುತಂತ್ರಾಂಶ ಬೇಕು. ಇದನ್ನು ಮೊದಲು ಸ್ಥಾಪಿಸದಿದ್ದರೆ ಯಂತ್ರ ತನಗೆ ತೋಚಿದ ಬೇರೊಂದನ್ನು ಹಚ್ಚಿಕೊಂಡು, ಎದುರಿಗಿರುವ ಪೆಟ್ಟಿಗೆಯನ್ನೇ ಕಾಣದಂತೆ ಕುಳಿತುಕೊಳ್ಳುವುದುಂಟು. ತಪ್ಪಿದ್ದನ್ನು ತೆಗೆದುಹಾಕಿ, ಸರಿಯಾದ ಡ್ರೈವರನ್ನು ಕೂರಿಸಿ, ಆಮೇಲೆ ತಂತಿಯನ್ನು ಸಿಕ್ಕಿಸಿದಾಗ ಪರದೆಯ ಪಟ್ಟಿಯಲ್ಲಿ ಅದಕ್ಕೊಂದು ಪೋರ್ಟಿನ ಸಂಖ್ಯೆ ಬಂತು, 4 ಎಂದು. ದೋಷಶೋಧಕ ತಂತ್ರಾಂಶಕ್ಕೂ ಅದೇ 4ನ್ನು ಹೇಳಬೇಕು. ಮಾತಿನ ವೇಗವನ್ನೂ ಹೇಳಬೇಕು. ಅವನ ಪೆಟ್ಟಿಗೆಯ ಬಗೆಯವಕ್ಕೆ ಅದು ಸಾಮಾನ್ಯವಾಗಿ 38400. ಹಳೆಯ ರೇಡಿಯೋದಲ್ಲಿ ಮುಳ್ಳು ಕೂದಲೆಳೆಯಷ್ಟು ಸರಿದರೂ ಮೈಸೂರು ನಿಲಯದ ಬದಲು ಬರಿಯ ಗೊರಗೊರ ಕೇಳುತ್ತಿದ್ದುದು ನಿಮಗೆ ನೆನಪಿರಬಹುದು. ಇಲ್ಲಿಯೂ ಹಾಗೆಯೇ, ಸಂಖ್ಯೆ ತಪ್ಪಿದರೆ ಗಾಡಿ ಮಾತಾಡುತ್ತಿದ್ದರೂ ನಮಗೆ ಕೇಳಿಸದು.

ಪೆಟ್ಟಿಗೆಯ ಆಯ್ಕೆಯಲ್ಲಿ ಮೋಸ ಹೋಗುವವರು ಬಹಳ. ಎಲ್ಮ್ 327 ಎಂಬ ಚಿಪ್ಪನ್ನು ರೂಪಿಸಿದ್ದು ಕೆನಡಾದ ಸಣ್ಣ ಸಂಸ್ಥೆಯೊಂದು; ಅದು 2022ರಲ್ಲಿ ವ್ಯಾಪಾರ ನಿಲ್ಲಿಸಿತು. ಅದರ ನಕಲುಗಳೋ ನೂರಾರು ರೂಪಾಯಿಗೆ ಎಲ್ಲೆಡೆ ಸಿಕ್ಕುತ್ತವೆ. "ನೀನು ಯಾರು?" ಎಂದು ತಂತ್ರಾಂಶ ಕೇಳಿದರೆ ನಕಲೂ ಅಸಲಿನ ಹೆಸರನ್ನೇ ಹೇಳುತ್ತದೆ. ಆದ್ದರಿಂದ ನನ್ನ ಶಿಷ್ಯ ಒಂದು ಉಪಾಯ ಕಂಡುಕೊಂಡಿದ್ದಾನೆ. ಗಾಡಿಯ ಚಾಸಿಸ್ ಸಂಖ್ಯೆಯನ್ನು ಓದಿ ಹೇಳೆಂದು ಕೇಳುತ್ತಾನೆ. 17 ಅಕ್ಷರಗಳ ಆ ಉದ್ದನೆಯ ಉತ್ತರ ತುಂಡುತುಂಡಾಗಿ ಬರುವುದರಿಂದ ಕೀಳು ನಕಲುಗಳು ಅಲ್ಲಿ ತೊದಲುತ್ತವೆ. ಬಂದ ಉತ್ತರವನ್ನು ಆರ್‌ಸಿ ಪುಸ್ತಕದೊಡನೆ ಅಕ್ಷರಕ್ಕಕ್ಷರ ಹೋಲಿಸಿ ನೋಡಿ, ಸರಿಯಿದ್ದರೆ ಮಾತ್ರ ಮುಂದಿನ ಕೆಲಸ. ಹಳೆಯ ಕೆಲವು ಗಾಡಿಗಳು ಈ ಸಂಖ್ಯೆಯನ್ನು ಹೇಳುವುದೇ ಇಲ್ಲ. ಆಗ ಬೇರೆ ಗಾಡಿಯ ಮೇಲೆ ಪರೀಕ್ಷಿಸಬೇಕು.

ಪರದೆ ಬರಿದಾಗಿದ್ದರೆ ತಂತ್ರಾಂಶವನ್ನು ಬೈಯುವುದಕ್ಕೆ ಮುನ್ನ ಮಲ್ಟಿಮೀಟರು ಹಿಡಿಯಬೇಕು. 16ಕ್ಕೂ 4ಕ್ಕೂ ನಡುವೆ ಬ್ಯಾಟರಿಯ 12 ವೋಲ್ಟು ಇದೆಯೆ? ಇಲ್ಲವಾದರೆ ಫ್ಯೂಸು ಹೋಗಿದೆ. ಹಲವು ಗಾಡಿಗಳಲ್ಲಿ ಮೊಬೈಲು ಚಾರ್ಜು ಮಾಡುವ ಸಾಕೆಟ್ಟಿಗೂ ಇದಕ್ಕೂ ಒಂದೇ ಫ್ಯೂಸಾದುದರಿಂದ, ಯಾರೋ ಅಗ್ಗದ ಚಾರ್ಜರು ಚುಚ್ಚಿ ಸುಟ್ಟಿರುತ್ತಾರೆ. ಅದು ಸರಿಯಿದ್ದರೆ ಬ್ಯಾಟರಿಯ ಕೊಂಡಿ ಕಳಚಿ 6ಕ್ಕೂ 14ಕ್ಕೂ ನಡುವಣ ರೋಧವನ್ನು ಅಳೆಯಬೇಕು. ಕ್ಯಾನ್ ದಾರಿಯ ಎರಡು ತುದಿಗಳಲ್ಲಿಯೂ 120 ಓಮಿನ ಒಂದೊಂದು ರೋಧಕವಿರುವುದರಿಂದ ಅಳತೆ 60ರ ಆಸುಪಾಸಿನಲ್ಲಿರಬೇಕು. 120 ಬಂದರೆ ಒಂದು ತುದಿ ಕಳಚಿದೆ. ಸೊನ್ನೆಯ ಬಳಿಗೆ ಬಂದರೆ ಎರಡು ತಂತಿಗಳೂ ಎಲ್ಲೋ ಕೂಡಿಕೊಂಡಿವೆ. ಮಳೆಗಾಲ ಮುಗಿದ ಮೇಲೆ ಕೊಂಡಿಗಳ ಒಳಗೆ ಹಸಿರು ಕಿಲುಬು ಹಿಡಿದಿರುವುದು ಈ ಸೀಮೆಯಲ್ಲಿ ಸಾಮಾನ್ಯ.

ಮೊದಲ ಸಲ ಗಾಡಿ ಉತ್ತರ ಕೊಟ್ಟ ಹೊತ್ತು ನನಗೂ ಸಂತೋಷವಾಯಿತೆಂದು ಒಪ್ಪಿಕೊಳ್ಳಬೇಕು. ನೀರಿನ ಬಿಸಿ ಎಷ್ಟೆಂದು ಕೇಳಿದ್ದಕ್ಕೆ ಬಂದದ್ದು 7ಬಿ. ಗಣಕ ಎಣಿಸುವುದು ಹದಿನಾರರ ಲೆಕ್ಕದಲ್ಲಿ. 9ರ ಮುಂದೆ 10ಕ್ಕೆ ಎ, 11ಕ್ಕೆ ಬಿ, ಹೀಗೆ. ಏಳು ಹದಿನಾರಲಿ 112, ಅದಕ್ಕೆ 11 ಕೂಡಿದರೆ 123. ಅದರಲ್ಲಿ 40 ಕಳೆಯಬೇಕೆಂಬುದು ನಿಯಮ. ಉಳಿದದ್ದು 83 ಡಿಗ್ರಿ. ತಂತ್ರಾಂಶ ಈ ಲೆಕ್ಕವನ್ನು ತಾನೇ ಮಾಡಿ ತೋರಿಸುತ್ತದೆ. ಆದರೂ ಮೇಸ್ತ್ರಿ ಒಮ್ಮೆ ಕೈಯಾರೆ ಮಾಡಿ ನೋಡಿರಬೇಕು; ಆಗ, ಸೆನ್ಸಾರಿನ ತಂತಿ ಕಡಿದುಹೋದ ಹಲವು ಗಾಡಿಗಳಲ್ಲಿ ಬಿಸಿ "ಸೊನ್ನೆಗಿಂತ 40 ಡಿಗ್ರಿ ಕೆಳಗೆ" ಎಂದೇಕೆ ಕಾಣುತ್ತದೆಂಬುದು ಹೊಳೆಯುತ್ತದೆ. ಬಂದದ್ದು ಬರಿಯ ಸೊನ್ನೆ. ಅದರಲ್ಲಿ 40 ಕಳೆದಿದೆ. ಸಕಲೇಶಪುರದ ಚಳಿ ಎಷ್ಟೇ ಕಟುವಾಗಿರಲಿ, ಅಷ್ಟಿಲ್ಲವಷ್ಟೆ!

ಇನ್ನೊಂದು ಪರೀಕ್ಷೆ ನಮ್ಮ ಬೆಟ್ಟಗಳೇ ಒದಗಿಸಿಕೊಟ್ಟದ್ದು. ಇಂಜಿನು ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ ಗಾಳಿಯ ಒತ್ತಡವನ್ನು ಓದಿದರೆ, ಕಡಲ ಮಟ್ಟದ ಮಂಗಳೂರಿನಲ್ಲಿ ಅದು 101 ಕಿಲೋಪಾಸ್ಕಲಿನ ಸುತ್ತ ಇರುತ್ತದೆ. ಸುಮಾರು 950 ಮೀಟರು ಎತ್ತರದ ಸಕಲೇಶಪುರದಲ್ಲಿ 90ರ ಸುತ್ತ ಇರಬೇಕು. ಇಲ್ಲಿ ನಿಂತ ಗಾಡಿ 101 ತೋರಿಸಿದರೆ ಆ ಸೆನ್ಸಾರು ಸುಳ್ಳು ಹೇಳುತ್ತಿದೆ. ಇದನ್ನು ಯಾವ ಕೈಪಿಡಿಯೂ ಸಕಲೇಶಪುರದ ಹೆಸರೆತ್ತಿ ಹೇಳುವುದಿಲ್ಲ. ಚೆನ್ನಾಗಿ ಓಡುವ ಗಾಡಿಗಳು ಬಂದಾಗಲೂ ಸ್ಕ್ಯಾನ್ ಹಾಕಿ ಇಂಥ ಅಂಕಿಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡೆಂದು ಹೇಳಿದೆ. ಆರೋಗ್ಯವಂತನ ನಾಡಿ ತಿಳಿಯದ ವೈದ್ಯನಿಗೆ ರೋಗಿಯ ನಾಡಿ ತಿಳಿಯುವುದು ಹೇಗೆ?

ದೋಷಸಂಕೇತಗಳ ವ್ಯಾಕರಣ ಸರಳ. ಮೊದಲ ಅಕ್ಷರ ಪಿ ಆದರೆ ಇಂಜಿನು ಮತ್ತು ಗೇರಿನ ಭಾಗ, ಬಿ ಆದರೆ ಗಾಡಿಯ ಮೈ, ಸಿ ಆದರೆ ಬ್ರೇಕು ಮೊದಲಾದ ಅಡಿಭಾಗ, ಯು ಆದರೆ ಗಣಕಗಳ ನಡುವಣ ಮಾತುಕತೆ. ಅನಂತರ ಸೊನ್ನೆ ಬಂದರೆ ಎಲ್ಲ ಕಂಪೆನಿಗಳಿಗೂ ಸಮಾನವಾದ ಅರ್ಥ; 1 ಬಂದರೆ ಆ ಕಂಪೆನಿಯದೇ ಪರಿಭಾಷೆ. ನನ್ನ ಶಿಷ್ಯನಿಗೆ ನಾನು ಹೇಳಿಕೊಟ್ಟದ್ದು ಇನ್ನೊಂದು ದಾರಿ, ಅವನು ಶಾಲೆಯಲ್ಲಿ ಉರು ಹೊಡೆದಿದ್ದ ಸಂಧಿಯ ದಾರಿ. ತಂತಿ ಕಡಿದು ಬರಬೇಕಾದ ಸುದ್ದಿ ಬಾರದಿದ್ದರೆ ಲೋಪ. ಇರಬಾರದ ವಿದ್ಯುತ್ತು ಪಕ್ಕದ ತಂತಿಯಿಂದ ನುಗ್ಗಿ ಬಂದರೆ ಆಗಮ. ಇರಬೇಕಾದ ಬೆಲೆಯ ಸ್ಥಾನದಲ್ಲಿ ಇನ್ನೊಂದು ಬೆಲೆ ಬಂದು ಕುಳಿತರೆ ಆದೇಶ. ನಕ್ಕ. ಆದರೆ ಅವನ ನೋಟುಪುಸ್ತಕದಲ್ಲಿ ಈಗ ಪ್ರತಿಯೊಂದು ಸಂಕೇತದ ಎದುರಿಗೂ ಲೋ, ಆ, ದೇ ಎಂಬ ಗುರುತುಗಳಿವೆ.

ಇಷ್ಟೆಲ್ಲ ಆದರೂ ಸಂಕೇತವೆಂಬುದು ರೋಗದ ಹೆಸರಲ್ಲ. ನೋವಿರುವ ಜಾಗದ ಹೆಸರು. ಇದನ್ನು ಮರೆತರೆ ಎಷ್ಟು ನಷ್ಟವೆಂಬುದಕ್ಕೆ ಹಾನುಬಾಳು ಕಡೆಯ ತೋಟದ ಪಿಕಪ್ಪೊಂದು ಸಾಕ್ಷಿ. ಕೊಯ್ಲಿನ ನಡುವೆ ಅದು ಹೊರೆ ಹೊತ್ತು ಏರುವಾಗ ಉಸಿರು ಕಟ್ಟಿದಂತಾಗಿ ನಿಲ್ಲತೊಡಗಿತು. ಬೇರೊಂದು ಕಡೆ ಸ್ಕ್ಯಾನ್ ಹಾಕಿಸಿದಾಗ ಪಿ 0087 ಬಂದಿತ್ತು. ಇಂಜೆಕ್ಟರುಗಳಿಗೆ ಎಣ್ಣೆ ಹಂಚುವ ಕೊಳವೆಯಲ್ಲಿ ಒತ್ತಡ ಸಾಲದೆಂದು ಅದರ ಅರ್ಥ. ಒತ್ತಡ ಕೊಡುವುದು ಪಂಪು. ಆದ್ದರಿಂದ ಪಂಪು ಕೆಟ್ಟಿದೆಯೆಂದು ತೀರ್ಮಾನಿಸಿ, ಹತ್ತಾರು ಸಾವಿರ ತೆತ್ತು ಹೊಸದನ್ನು ಹಾಕಿಸಿದ್ದರು. ಸಂಕೇತವನ್ನು ಅಳಿಸಿದರು, ದೀಪ ಆರಿತು. ಮೂರನೆಯ ದಿನ ಅದೇ ಏರಿನಲ್ಲಿ ಅದೇ ದೀಪ.

ನನ್ನ ಶಿಷ್ಯ ಲ್ಯಾಪ್‌ಟಾಪನ್ನು ಕ್ಲೀನರನ ತೊಡೆಯ ಮೇಲಿರಿಸಿ, ಹೊರೆ ತುಂಬಿದ ಗಾಡಿಯನ್ನು ತಾನೇ ಓಡಿಸಿಕೊಂಡು ಹೋದ. ಪರದೆಯಲ್ಲಿ ಎರಡು ಗೆರೆಗಳು: ಗಣಕ ಬೇಡುತ್ತಿರುವ ಒತ್ತಡ, ನಿಜವಾಗಿ ದೊರೆಯುತ್ತಿರುವ ಒತ್ತಡ. ನಿಂತಾಗ ಎರಡೂ 300 ಬಾರಿನ ಹತ್ತಿರ ಒಂದರ ಮೇಲೊಂದು ಕೂತಿದ್ದುವು. ಏರು ಹತ್ತಿದೊಡನೆ ಬೇಡಿಕೆಯ ಗೆರೆ 1200ಕ್ಕೆ ನೆಗೆಯಿತು. ಇನ್ನೊಂದು 700ರಲ್ಲಿ ನಡುಗುತ್ತ ನಿಂತಿತು. ಆ ನಡುಕವನ್ನು ನೋಡಿ ಅವನಿಗೆ ಸಂಶಯ ಬಂತು. ಪಂಪು ಸವೆದಿದ್ದರೆ ಗೆರೆ ಸುಮ್ಮನೆ ಕುಸಿಯಬೇಕು, ಹೀಗೆ ನಡುಗುವುದೇಕೆ? ಹಿಂದಿರುಗಿ ಬಂದವನು ಲ್ಯಾಪ್‌ಟಾಪನ್ನು ಮುಚ್ಚಿಟ್ಟ. ಟ್ಯಾಂಕಿನಿಂದ ಪಂಪಿಗೆ ಬರುವ ದಾರಿಯಲ್ಲಿ ಒಂದು ಗೇಣು ಪಾರದರ್ಶಕ ಪೈಪನ್ನು ಜೋಡಿಸಿ ಇಂಜಿನನ್ನು ರೇಗಿಸಿದ. ಎಣ್ಣೆಯ ಜೊತೆಯಲ್ಲಿ ಗುಳ್ಳೆಗಳು ಬಂದವು. ಚಾಸಿಸ್ಸಿನ ಅಂಚಿಗೆ ಉಜ್ಜಿ ಉಜ್ಜಿ ಎಣ್ಣೆಯ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಾಗಿತ್ತು. ಎಣ್ಣೆ ಹೊರಗೆ ತೊಟ್ಟಿಕ್ಕದೆ ಗಾಳಿ ಒಳಕ್ಕೆ ಹೋಗುತ್ತಿತ್ತು. ಪೈಪಿಗೆ ಕೆಲವು ನೂರು ರೂಪಾಯಿ. ಹಳೆಯ ಪಂಪು ನಿರ್ದೋಷಿಯಾಗಿಯೇ ಗುಜರಿಗೆ ಹೋಗಿತ್ತು.

ಭಾರತ್ ಸ್ಟೇಜ್ 6ರ ಡೀಸೆಲ್ ಗಾಡಿಗಳಲ್ಲಿ ನಮ್ಮ ಸೀಮೆಗೆ ವಿಶೇಷವಾದ ಇನ್ನೊಂದು ತೊಂದರೆಯಿದೆ. ಹೊಗೆಕೊಳವೆಯೊಳಗೆ ಮಸಿಯನ್ನು ಹಿಡಿದಿಡುವ ಸೋಸುಕವೊಂದಿರುತ್ತದೆ. ತುಂಬಿದ ಮಸಿಯನ್ನು ಗಾಡಿ ತಾನೇ ಆಗಾಗ ಸುಟ್ಟುಕೊಳ್ಳಬೇಕು. ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಆ ಶಾಖ ಬರುತ್ತದೆ. ಲೈನುಮನೆಯಿಂದ ಕಣಕ್ಕೆ, ಕಣದಿಂದ ಗೋಡೌನಿಗೆ ಎರಡು ಮೂರು ಕಿಲೋಮೀಟರು ತೆವಳುವ ಗಾಡಿಗೆ ಅದೆಲ್ಲಿ ಬರಬೇಕು? ಮಸಿ ತುಂಬಿ ದೀಪ ಹೊತ್ತಿ, ಕಡೆಗೆ ಇಂಜಿನು ತನ್ನ ಬಲವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ತಂತ್ರಾಂಶದಿಂದ ಆಜ್ಞೆ ಕೊಟ್ಟು, ನಿಂತಲ್ಲಿಯೇ ಮಸಿ ಸುಡಿಸಬಹುದು. ಅದನ್ನು ಮಾಡುವಾಗ ಬ್ಯಾಟರಿಗೆ ಚಾರ್ಜರಿನ ಆಸರೆ ಕೊಡುವುದು ಮೇಲು. ಲ್ಯಾಪ್‌ಟಾಪು ನಡುವೆ ನಿದ್ದೆಹೋಗದಂತೆ ಮೊದಲೇ ವ್ಯವಸ್ಥೆ ಮಾಡಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ ಗಾಡಿ ಬಯಲಿನಲ್ಲಿ, ತರಗೆಲೆ, ಕಾಫಿಸಿಪ್ಪೆ ಇಲ್ಲದ ನೆಲದ ಮೇಲೆ ನಿಂತಿರಬೇಕು. ಇಂಜಿನ್ ಆಯಿಲಿನ ಮಟ್ಟ ತಾನಾಗಿ ಏರಿದ್ದರೆ ಡೀಸೆಲು ಅದರಲ್ಲಿ ಬೆರೆತಿದೆಯೆಂದು ತಿಳಿದು, ಬದಲಾಯಿಸದೆ ಓಡಿಸಬಾರದು. ತೋಟದವರಿಗೆ ನನ್ನ ಶಿಷ್ಯ ಹೇಳುವ ಅಗ್ಗದ ಔಷಧಿ ಬೇರೆ: ವಾರಕ್ಕೊಮ್ಮೆ ಸಂತೆಯ ನೆಪದಲ್ಲಾದರೂ ಗಾಡಿಯನ್ನು ಬಾಳ್ಳುಪೇಟೆಯ ದಾರಿಯಾಗಿ ಹಾಸನದವರೆಗೆ ಒಂದು ಓಟ ಓಡಿಸಿಕೊಂಡು ಬನ್ನಿ.

ಎಲ್ಲ ಗಾಡಿಗಳ ಬಾಗಿಲೂ ಈ ಸಾಮಾನ್ಯ ತಂತ್ರಾಂಶಕ್ಕೆ ತೆರೆಯುವುದಿಲ್ಲ. ಏರ್‌ಬ್ಯಾಗು, ಕೀಲಿಯ ಸಂಕೇತ, ಹೊಸ ಇಂಜೆಕ್ಟರಿನ ನೋಂದಣಿ ಇವಕ್ಕೆ ಕಂಪೆನಿಯದೇ ತಂತ್ರಾಂಶ, ಅದರ ಲೈಸೆನ್ಸು ಬೇಕು. ಸಣ್ಣ ಗ್ಯಾರೇಜಿನವರ ಈ ಅಳಲು ದೆಹಲಿಗೂ ಮುಟ್ಟಿತು. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು 14 ಕಾರು ತಯಾರಕರ ಮೇಲೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕ ದಂಡವನ್ನು ವಿಧಿಸಿತು. ಬಿಡಿಭಾಗಗಳೂ ದುರಸ್ತಿಯ ಕೈಪಿಡಿಗಳೂ ದೋಷಶೋಧಕ ಉಪಕರಣಗಳೂ ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯದಂತೆ ಮಾಡಿದ್ದಾರೆಂಬುದು ಆಕ್ಷೇಪ. ವ್ಯಾಜ್ಯ ಮೇಲ್ಮನವಿಗಳಿಗೆ ಹೋಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣ ತೆರೆಯಿತು; ಮೋಟಾರು ಗಾಡಿಗಳೂ ಅದರಲ್ಲಿ ಸೇರಿವೆ. ಈ ನಡುವೆ ಬೀಗ ಮುರಿದ ಕಳ್ಳ ತಂತ್ರಾಂಶಗಳು ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿರುವುದೂ ನಿಜ. ನ್ಯಾಯಾನ್ಯಾಯ ಹಾಗಿರಲಿ, ಅಂಥದರಿಂದ ಗಾಡಿಯ ಗಣಕಕ್ಕೆ ಹೊಸ ಬರಹ ಬರೆಯಲು ಹೋಗಿ, ಅರ್ಧದಲ್ಲಿ ನಿಂತರೆ ಗಾಡಿ ಕಲ್ಲಾಗಿಬಿಡುತ್ತದೆ. ಓದುವುದು ಬೇರೆ, ಬರೆಯುವುದು ಬೇರೆ ಎಂದು ನನ್ನ ಶಿಷ್ಯನಿಗೆ ಹೇಳಿದ್ದೇನೆ. ಅವನು ಓದುವುದರಲ್ಲಿಯೇ ನಿಂತಿದ್ದಾನೆ.

ಗಾಡಿಯ ಯಜಮಾನರಾದ ನೀವು ಗ್ಯಾರೇಜಿನಲ್ಲಿ ಕೇಳಬೇಕಾದದ್ದು ಹೆಚ್ಚೇನಿಲ್ಲ. ಸಂಕೇತಗಳನ್ನು ಅಳಿಸುವುದಕ್ಕೆ ಮೊದಲು ಕಾಗದದ ಮೇಲೆ ಬರೆಸಿಕೊಳ್ಳಿ. ದೋಷ ಕಂಡ ಕ್ಷಣದಲ್ಲಿ ವೇಗವೆಷ್ಟಿತ್ತು, ಬಿಸಿಯೆಷ್ಟಿತ್ತು, ಹೊರೆಯೆಷ್ಟಿತ್ತು ಎಂಬುದನ್ನೂ ಗಣಕ ಹಿಡಿದಿಟ್ಟಿರುತ್ತದೆ. ಸಂಕೇತ ಅಳಿಸಿದರೆ ಅದೂ ಹೋಗುತ್ತದೆ. ಭಾಗ ಬದಲಾಯಿಸಬೇಕೆಂದರೆ ಯಾವ ಅಳತೆಯಿಂದ ಹಾಗೆ ತೀರ್ಮಾನಿಸಿದಿರೆಂದು ವಿನಯದಿಂದಲೇ ಕೇಳಿ, ಬಲ್ಲವನು ಬೇಸರಪಡುವುದಿಲ್ಲ. ಹಳದಿ ದೀಪ ಒಂದೇ ಸಮನೆ ಉರಿಯುತ್ತಿದ್ದು, ಗಾಡಿ ಎಂದಿನಂತೆ ಓಡುತ್ತಿದ್ದರೆ, ನಿಧಾನವಾಗಿ ಊರು ಸೇರಿಕೊಂಡು ಆಮೇಲೆ ತೋರಿಸಬಹುದು. ಅದೇ ದೀಪ ಪೆಟ್ರೋಲ್ ಕಾರಿನಲ್ಲಿ ಮಿಣುಕತೊಡಗಿದರೆ ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲು ಹೊಗೆಕೊಳವೆಗೆ ಹೋಗಿ ಅಲ್ಲಿಯ ಪರಿವರ್ತಕವನ್ನು ಸುಡುತ್ತಿದೆಯೆಂದು ತಿಳಿಯಿರಿ. ಶಿರಾಡಿಯ ಏರಿನಲ್ಲಿ ಹಾಗಾದರೆ ದೋಣಿಗಾಲು ಇನ್ನು ಸ್ವಲ್ಪವೇ ದೂರವೆಂದು ಆಸೆಪಡದೆ, ರಸ್ತೆ ಅಗಲವಾಗಿರುವ ಕಡೆ ಪಕ್ಕಕ್ಕೆ ನಿಲ್ಲಿಸಿ ಫೋನು ಮಾಡಿ.